ಸುಪ್ರಜಾ ಲಿನಕ್ಸ್ ಹಾಕಿಕೊಂಡ ಭಾನುವಾರ

ಕುಕ್ಕರ್ ಕೂಗಿದ್ದು ಸರಿಯಾಗಿ ಆ ಪ್ರಶ್ನೆಯ ಮೇಲೆಯೇ. ಎರಡು ಡಿಸ್ಕುಗಳಲ್ಲಿ ಯಾವುದನ್ನು ಅಳಿಸಲಿ ಎಂದು ಕಂಪ್ಯೂಟರು ಇಂಗ್ಲಿಷಿನಲ್ಲಿ, ಮೂಗು ಕಟ್ಟಿದ ಗಂಡಸಿನ ದನಿಯಲ್ಲಿ ಕೇಳುತ್ತಿತ್ತು. ಸುಪ್ರಜಾಳಿಗೆ ಕೇಳಿಸಿದ್ದು ಮೊದಲ ನಾಲ್ಕು ಮಾತು, ಆಮೇಲೆ ಬರೀ ಸೀಟಿ. ಅವಳು ಕೀಬೋರ್ಡಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

ಚಿಕ್ಕ ಡಿಸ್ಕು ಹೊಸದು, ಖಾಲಿ. ದೊಡ್ಡದರಲ್ಲಿ ಅವಳು ಹತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತ, ಪ್ರತಿ ಬೇಸಿಗೆ ರಜೆಯಲ್ಲೂ ತಿದ್ದಿ ತೀಡಿ ಇಟ್ಟುಕೊಂಡ ಪಾಠಗಳೆಲ್ಲ ಇದ್ದವು. ಬೇರೆ ಕಡೆ ಒಂದು ನಕಲು ಇಡಬೇಕೆಂದು ಸದಾ ಅಂದುಕೊಳ್ಳುತ್ತಿದ್ದಳು. ಎಲ್ಲರ ಹಾಗೆ ಅವಳೂ ಇಟ್ಟಿರಲಿಲ್ಲ. ತಪ್ಪು ಅಂಕಿ ಒತ್ತಿದರೆ ಅಷ್ಟೂ ಹೋದ ಹಾಗೆ. ಸುಪ್ರಜಾಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಕೇಳಿಸಿದ್ದಷ್ಟೇ ಅವಳಿಗೆ ಲೆಕ್ಕ.

ಬಾಗಿಲಲ್ಲಿ ನಿಂತಿದ್ದ ಅವಳ ತಾಯಿ ಚೂಡಾಮಣಿಗೆ ಕಪ್ಪು ಪರದೆಯ ಮೇಲಿನ ಬಿಳಿ ಅಕ್ಷರಗಳು ಚೆನ್ನಾಗಿಯೇ ಕಾಣುತ್ತಿದ್ದವು.

"ಎರಡು ಡಿಸ್ಕ್ ತೋರಿಸ್ತಿದೆ ಕಣೆ. ಮೊದಲನೇದು..."

"ಹೇಳ್ಬೇಡಮ್ಮ" ಎಂದಳು ಸುಪ್ರಜಾ, ಮೆಲ್ಲಗೆ.

ಚೂಡಾಮಣಿ ಬಾಯಿ ಮುಚ್ಚಿಕೊಂಡರು. ಅದು ಅವರಿಗೆ ಅಭ್ಯಾಸವಿಲ್ಲದ ಕೆಲಸ. ಮಗಳಿಗೆ ಶಾಲೆಯ ಪುಸ್ತಕಗಳಿಂದ ಹಿಡಿದು ಎಂ.ಎ.ವರೆಗಿನ ದಪ್ಪ ದಪ್ಪ ಗ್ರಂಥಗಳನ್ನೆಲ್ಲ ಓದಿ ಹೇಳಿದವರು ಅವರು. ಗಂಟಲು ಕಟ್ಟಿದಾಗ ಮೆಣಸಿನ ಕಷಾಯ ಕುಡಿದು ಓದಿದ್ದರು. ಮದುವೆ ಮುಂಜಿಗಳಲ್ಲಿ ಯಾರಾದರೂ ಅಯ್ಯೋ ಪಾಪ ಎಂದರೆ, ಅವಳ ಕಣ್ಣು ನಾನಿದೀನಲ್ಲ ಎಂದುಬಿಡುತ್ತಿದ್ದರು. ಆ ಮಾತಿನಲ್ಲಿ ಅವರಿಗೊಂದು ಹೆಮ್ಮೆಯಿತ್ತು, ಯಾಕಿರಬಾರದು?

ಈ ಕಂಪ್ಯೂಟರಿನ ಉಸಾಬರಿ ಶುರುವಾದದ್ದು ಹಳೆಯ ವಿಂಡೋಸಿಗೆ ಇನ್ನು ಅಪ್‌ಡೇಟ್ ಬರುವುದಿಲ್ಲ ಎಂದಾದ ಮೇಲೆ. ಹೊಸದು ಇವರ ಮಷೀನಿಗೆ ಕೂರುವುದಿಲ್ಲವಂತೆ. ತಾಯಿ ಮಗಳು ಸಂಪಿಗೆ ರಸ್ತೆಯ ಒಂದು ಅಂಗಡಿಗೆ ಹೋಗಿದ್ದರು. ಅಲ್ಲಿನವನು ಒಳ್ಳೆಯ ಮನುಷ್ಯನೇ, ಕೂರಲು ಕುರ್ಚಿ ಕೊಟ್ಟ. ಆದರೆ ಪ್ರಶ್ನೆಯನ್ನೆಲ್ಲ ಚೂಡಾಮಣಿಯನ್ನೇ ಕೇಳಿದ: ಅವರಿಗೆ ಏನು ಬೇಕು, ಅವರು ಎಷ್ಟು ಬಳಸ್ತಾರೆ, ಅವರಿಗೆ ಗೊತ್ತಾಗತ್ತಾ. ಸುಪ್ರಜಾ ಪಕ್ಕದಲ್ಲೇ ಇದ್ದಳು. ಚಿಕ್ಕ ಡಿಸ್ಕೊಂದನ್ನು ಹಾಕಿಸಿಕೊಂಡು, ಉಳಿದದ್ದನ್ನು ನಾನು ಮಾಡ್ಕೋತೀನಿ ಎಂದು ಎದ್ದು ಬಂದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳೆಯ ಗೌರೀಶ್, ಅವನೂ ಕಣ್ಣು ಕಾಣದವನೇ, ಫೋನಿನಲ್ಲಿ ದಾರಿ ಹೇಳಿಕೊಟ್ಟಿದ್ದ. ವಿಂಡೋಸಿನ ಬದಲು ಹಾಕಿಕೊಳ್ಳುವ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಚುಚ್ಚಿ ಮಷೀನು ಹಾಕು, ಬೀಪ್ ಎಂದಾಗ ಎಸ್ ಒತ್ತಿ ಎಂಟರ್ ಕೊಡು, ಅಲ್ಲಿಂದ ಮುಂದೆ ಅದೇ ಮಾತಾಡುತ್ತದೆ ಎಂದಿದ್ದ. ಯಾರೋ ಎಲ್ಲೆಲ್ಲೋ ಕೂತು, ಹೀಗೊಬ್ಬಳು ಒಂಟಿಯಾಗಿ ಕೂತು ಹಾಕಿಕೊಂಡಾಳು ಎಂದು ಯೋಚಿಸಿ ಅದನ್ನು ಪುಕ್ಕಟೆಯಾಗಿ ಮಾಡಿಟ್ಟಿದ್ದರು. ಅಂಥವರು ತಣ್ಣಗಿರಲಿ.

ಕುಕ್ಕರ್ ಇನ್ನೊಮ್ಮೆ ಕೂಗಿತು.

"ಹತ್ತು ವರ್ಷದ್ದು ಕಣೆ" ಎಂದರು ಚೂಡಾಮಣಿ. "ನಾನು ಹೇಳಿದ್ರೆ ಏನಾಗತ್ತೆ?"

"ನೀನು ಹೇಳಿದ್ರೆ ಇವತ್ತು ಸರಿಹೋಗತ್ತಮ್ಮ. ಮುಂದಿನ ಸಲ ಮತ್ತೆ ನೀನೇ ಬೇಕಾಗತ್ತೆ."

ಅವರಿಗೆ ಚುಚ್ಚಿತು. ನಾನು ಬೇಕಾಗುವುದರಲ್ಲಿ ತಪ್ಪೇನು ಎನ್ನಿಸಿತು. ತಮಗೆ ಎಪ್ಪತ್ತು ದಾಟಿದೆ ಎಂಬುದೂ ಅದರ ಹಿಂದೆಯೇ ನೆನಪಾಯಿತು. ಅಡುಗೆಮನೆಗೆ ಹೋಗಿ ಗ್ಯಾಸ್ ಆರಿಸಿದರು. ಬೇಳೆ ಅರ್ಧ ಬೆಂದಿರಬೇಕು, ಇರಲಿ.

ಆಮೇಲೆ ಸುಮ್ಮನೆ ನಿಲ್ಲಲಾಗಲಿಲ್ಲ. ಕೋಣೆಯಲ್ಲಿ ಕಟಕಟ ಎನ್ನುತ್ತಿದ್ದ ಫ್ಯಾನ್ ಆರಿಸಿದರು. ರಸ್ತೆ ಕಡೆಯ ಕಿಟಕಿಗಳನ್ನು ಹಾಕಿದರು. ಫೋನನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟರು. ವೈಯಾಲಿಕಾವಲ್ ಕಡೆಯಿಂದ ಬರುವ ಸೊಪ್ಪಿನ ಗಾಡಿಯವನು ಬಾಯಿ ತೆರೆಯುವ ಮೊದಲೇ ಗೇಟಿಗೆ ಓಡಿ ತುಟಿಯ ಮೇಲೆ ಬೆರಳಿಟ್ಟರು. ಮನೆಯಲ್ಲಿ ಏನೋ ಆಗಬಾರದ್ದು ಆಗಿದೆ ಎಂದುಕೊಂಡ ಅವನು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ, ಸದ್ದಿಲ್ಲದೆ ಗಾಡಿ ತಳ್ಳಿಕೊಂಡು ಹೋದ.

ಒಳಗೆ ಸುಪ್ರಜಾ ಪ್ರಶ್ನೆಯನ್ನು ಮತ್ತೆ ಓದಿಸಿದಳು. ಮನೆ ಅಷ್ಟು ನಿಶ್ಶಬ್ದವಾಗಿದ್ದುದನ್ನು ಅವಳು ಎಂದೂ ಕೇಳಿರಲಿಲ್ಲ. ದನಿ ಒಂದೊಂದೇ ಅಂಕಿ ಹೇಳಿತು: ಮೊದಲನೆಯದು ದೊಡ್ಡದು, ಎರಡನೆಯದು ಚಿಕ್ಕದು. ಇನ್ನೊಮ್ಮೆ ಓದಿಸಿದಳು. ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ಎರಡು ಒತ್ತಿದಳು. ಖಂಡಿತ ತಾನೆ ಎಂದು ಅದು ಕೇಳಿತು. ಖಂಡಿತ ಎಂದಳು.

ಪಕ್ಕದ ಮನೆಯ ಶೈಲಜಮ್ಮ ಬಂದಾಗ ಬಿಸಿಲು ಮೆಟ್ಟಿಲಿಗೆ ಏರಿತ್ತು. ಅವರು ಗೇಟಿನಿಂದಲೇ ಮಾತು ಶುರುಮಾಡುವವರು. ಚೂಡಾಮಣಿ ಅವರ ಕೈ ಹಿಡಿದು ಮೆಟ್ಟಿಲ ಮೇಲೆ ಕೂರಿಸಿ, ಸ್ವಲ್ಪ ಹೊತ್ತು ಎಂದು ಸನ್ನೆ ಮಾಡಿದರು. ಮಾತಿಲ್ಲದೆ ಕೂರುವುದು ಶೈಲಜಮ್ಮನಿಗೆ ಎಂಥ ಶಿಕ್ಷೆಯೆಂದು ನೆರೆಹೊರೆಗೆಲ್ಲ ಗೊತ್ತು. ಆದರೂ ಕೂತರು. ಒಳಗೆ ಕೀಬೋರ್ಡಿನ ಸದ್ದು, ನಡುನಡುವೆ ಇಂಗ್ಲಿಷು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಚೂಡಾಮಣಿಗೆ ಎದ್ದು ಹೋಗಿ ಒಂದು ಸಲ ಪರದೆ ನೋಡಿ ಬಂದುಬಿಡೋಣವೆನ್ನಿಸಿತು. ಮೆಟ್ಟಿಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಆಗ ದನಿ ಕನ್ನಡದಲ್ಲಿ ಹೊರಟಿತು. ಒತ್ತಕ್ಷರಗಳಲ್ಲಿ ಎಡವುತ್ತ, ಪರಸ್ಥಳದವರ ಹಾಗೆ: "ಈ ಊರಿನ ಚರಿತ್ರೆ ಬರೆಯುವವರು ಮೊದಲು ಅದರ ಕೆರೆಗಳನ್ನು ಎಣಿಸಬೇಕು." ಚೂಡಾಮಣಿಗೆ ಆ ವಾಕ್ಯ ಬಾಯಿಪಾಠ. ಕಾಲೇಜಿನಲ್ಲಿ ಮೊದಲ ಪಾಠ ಮಾಡುವ ಹಿಂದಿನ ದಿನ ಸುಪ್ರಜಾ ಹಜಾರದ ಉದ್ದಕ್ಕೂ ಓಡಾಡುತ್ತ ಅದನ್ನೇ ಹೇಳಿ ಹೇಳಿ ಇವರ ತಲೆ ತಿಂದಿದ್ದಳು. ಪಾಠಗಳು ಉಳಿದಿದ್ದವು.

"ಯಾರೋ ಗಂಡಸ್ರು ಮಾತಾಡ್ತಿದಾರಲ್ಲ ರೀ" ಎಂದು ಶೈಲಜಮ್ಮ ಪಿಸುಗುಟ್ಟಿದರು. "ಯಾರು ಬಂದಿದಾರೆ ಒಳಗೆ?"

"ಯಾರೂ ಬಂದಿಲ್ಲ" ಎಂದರು ಚೂಡಾಮಣಿ. "ಅವಳೊಬ್ಬಳೇ ಇದಾಳೆ."

ಒಳಗೆ ದನಿ ನಿಂತಿತು. ಸುಪ್ರಜಾ ಏನೋ ಒತ್ತಿದ ಸದ್ದಾಯಿತು. ದನಿ ಮತ್ತೆ ಹೊರಟಾಗ ಅವಳಿಗೆ ರೂಢಿಯಿದ್ದ ವೇಗಕ್ಕೆ ಏರಿತ್ತು, ಪದಕ್ಕೆ ಪದ ಅಂಟಿಕೊಂಡು ಸರಸರನೆ ಓಡುತ್ತಿತ್ತು. ಚೂಡಾಮಣಿಗೆ ಒಂದು ಮಾತೂ ತಿಳಿಯಲಿಲ್ಲ. ಬಿಸಿಲಿನಲ್ಲಿ, ಬಾಗಿಲ ಕಡೆ ಮುಖ ಮಾಡಿ ಅವರು ಕೇಳುತ್ತ ಕೂತಿದ್ದರು.