ಹೆಣ್ಣುಮಕ್ಕಳಿಗೆ ನಾಲ್ಕೇ ಸುತ್ತು

ಹೆಣ್ಣುಮಕ್ಕಳ ಬೈಕ್ ರೇಸಿಗೆ ನಾಲ್ಕೇ ಸುತ್ತು. ಮೊದಲ ಸುತ್ತಿನಲ್ಲಿ ಟೈರು ಬಿಸಿಯಾಗಬೇಕು, ಎರಡನೆಯದರಲ್ಲಿ ಮುಂದಿನವಳು ಬ್ರೇಕು ಎಲ್ಲಿ ಹಿಡಿಯುತ್ತಾಳೆ ಅಂತ ನೋಡಿಕೊಳ್ಳಬೇಕು, ಮೂರನೆಯದರಲ್ಲಿ ನುಗ್ಗಲು ಮನಸ್ಸು ಮಾಡಬೇಕು. ಅಷ್ಟರಲ್ಲಿ ಮುಗಿದೇಹೋಗಿರುತ್ತದೆ. ಗಂಡುಮಕ್ಕಳಿಗೆ ಹತ್ತು ಸುತ್ತು. ಐದು ವರ್ಷದಿಂದ ಹಾರಿಕಾ ಸಿಕ್ಕಸಿಕ್ಕವರಿಗೆಲ್ಲ ಇದನ್ನು ಹೇಳಿದ್ದಳು. ಎಲ್ಲರೂ ಹೌದು ಹೌದು ಅನ್ನುತ್ತಿದ್ದರು, ಅಷ್ಟೇ.

ಅವಳು ಆಂಧ್ರದ ಗಡಿಯ ಪೆದ್ದಹರಿವಾಣಂನ ಕುರಿಗಾರ ಎರ್ರಿಸ್ವಾಮಿಯ ಮಗಳು. ಅಪ್ಪನ ಹಿಂಡು ಒಂದು ವಾರ ಆಸ್ಪರಿಯ ಬೀಳು ಹೊಲದಲ್ಲಿದ್ದರೆ ಮುಂದಿನ ವಾರ ಇನ್ನೆಲ್ಲೋ. ಅವ್ವ ಶಾಂತಕ್ಕ ಕಟ್ಟಿಕೊಟ್ಟ ಬುತ್ತಿಯನ್ನು ಹಳೇ ಬೈಕಿಗೆ ಬಿಗಿದುಕೊಂಡು, ರೊಟ್ಟಿ ಆರುವುದರೊಳಗೆ ಹಿಂಡು ಹುಡುಕಿ ಮುಟ್ಟಿಸುವುದು ಮಗಳ ಕೆಲಸ. ಎರೆಮಣ್ಣಿನಲ್ಲಿ ಹಿಂದಿನ ಚಕ್ರ ಜಾರಿದರೂ ಹೆದರದೆ ಓಡಿಸುವುದನ್ನು ಅಲ್ಲೇ ಕಲಿತಳು. ಆದೋನಿಯ ಮೆಕ್ಯಾನಿಕ್ ವಾಗೀಶ್ ಅದನ್ನು ನೋಡಿ, ಮದ್ರಾಸಿನಲ್ಲಿ ನಡೆಯುವ ರೇಸುಗಾರರ ಆಯ್ಕೆಗೆ ಅವಳ ಹೆಸರು ಬರೆಸಿದ. ಹತ್ತೊಂಬತ್ತನೇ ವಯಸ್ಸಿಗೆ ಅವಳು ಮದ್ರಾಸಿನ ರೈಲು ಹತ್ತಿದಳು.

ಮೊದಲ ವರ್ಷ ಬಿದ್ದು ಹೆಗಲ ಎಲುಬು ಮುರಿಯಿತು. ಎರಡನೇ ವರ್ಷ ಮೂರು ಸಲ ಎರಡನೆಯವಳಾದಳು. ಆಮೇಲಿನ ವರ್ಷ ಚೀಟಿ ಎತ್ತಿ ಬೈಕು ಹಂಚಿದಾಗ, ನೇರ ದಾರಿಯಲ್ಲೂ ಏದುಸಿರು ಬಿಡುವ ಗಾಡಿ ಇವಳ ಪಾಲಿಗೆ ಬಂತು. ನಾಲ್ಕನೇ ವರ್ಷ ಅಂಕದಲ್ಲಿ ಎಲ್ಲರಿಗಿಂತ ಮುಂದಿದ್ದಳು. ಕೊನೆಯ ರೇಸಿನ ಹಿಂದಿನ ದಿನ ಅಭ್ಯಾಸದಲ್ಲಿ ಇನ್ನೊಬ್ಬಳು ಬಂದು ಗುದ್ದಿದಳು, ಮಣಿಕಟ್ಟು ಹೋಯಿತು.

ಇಷ್ಟಾದರೂ ಅವಳನ್ನು ಬಿಡದೆ ತಿದ್ದುತ್ತಿದ್ದವನು ಬಾಯು. ಇಂಡೊನೇಷ್ಯಾದ ಜಾವಾದವನು, ಹನ್ನೊಂದು ವರ್ಷ ಏಷ್ಯಾದ ಟ್ರ್ಯಾಕುಗಳಲ್ಲಿ ಓಡಿಸಿದವನು. ಅವನ ದೊಡ್ಡ ಸಾಧನೆ ನಾಲ್ಕನೇ ಸ್ಥಾನ, ಅದೂ ಆರು ಸಲ. ಮಂಡಿ ಕೆಟ್ಟ ಮೇಲೆ ಇಲ್ಲಿ ತರಬೇತಿಗೆ ಸೇರಿಕೊಂಡಿದ್ದ.

ಐದನೇ ವರ್ಷದ ಮೊದಲ ರೇಸಿನ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಟ್ರ್ಯಾಕಿನ ಕಚೇರಿಯ ಗೋಡೆಗೆ ಒಂದು ಹಾಳೆ ಅಂಟಿಸಿದರು. ಹೆಸರು ಕೊಟ್ಟವರು ಐದೇ ಮಂದಿ, ಆರಾದರೂ ಬೇಕು, ಆದ್ದರಿಂದ ಹೆಣ್ಣುಮಕ್ಕಳ ರೇಸು ಇಲ್ಲ. ಹಾರಿಕಾ ಓದಿ ಮುಗಿಸಿ ಮತ್ತೆ ಮೊದಲಿಂದ ಓದಿದಳು. ಆ ಸಲವೇ ಅವಳ ಅಪ್ಪ, ಹಿಂಡನ್ನು ತನ್ನ ತಮ್ಮ ಸುಂಕೇಶನಿಗೆ ಒಪ್ಪಿಸಿ, ಮಗಳ ರೇಸು ನೋಡಲೆಂದು ಮೊದಲ ಬಾರಿಗೆ ಬಂದಿದ್ದ.

"ಹುಡುಗರ ರೇಸಿಗೆ ಬಿಡಿ," ಅಂದಳು ರೇಸಿನ ಅಧಿಕಾರಿಗೆ, ತೆಲುಗಿನಲ್ಲಿ.

"ಏನಾದರೂ ಆದರೆ ಯಾರಮ್ಮ ಜವಾಬ್ದಾರಿ?"

"ಹುಡುಗರಿಗೆ ಆದ್ರ ಯಾರ್ರೀ?"

ಬಾಯು ನಿಯಮದ ಪುಸ್ತಕ ತಂದು ಮೇಜಿನ ಮೇಲೆ ಹರಡಿದ. ಹೆಣ್ಣುಮಕ್ಕಳು ಓಡಿಸಬಾರದು ಅಂತ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಅರ್ಧ ದಿನ ಕಾಯಿಸಿ ಕೊನೆಗೆ ಒಪ್ಪಿದರು. ಆದರೆ ತಡವಾಗಿ ಸೇರಿದ್ದಕ್ಕೆ ಇಪ್ಪತ್ತೆರಡು ಮಂದಿಯಲ್ಲಿ ಎಲ್ಲರ ಹಿಂದೆ ನಿಲ್ಲಬೇಕು ಅಂದರು.

ಭಾನುವಾರ ಅವಳು ಎಲ್ಲರ ಹಿಂದಿನಿಂದ ಹೊರಟಳು. ಮೂರನೇ ಸುತ್ತಿಗೆ ಹದಿನೈದನೆಯವಳು, ಐದಕ್ಕೆ ಹತ್ತನೆಯವಳು. ಟೈರು ಅವಳು ಹೇಳಿದ ಮಾತು ಕೇಳುತ್ತಿತ್ತು. ಏಳನೇ ಸುತ್ತು ಮುಗಿದಾಗ ಎಂಟನೆಯವಳು. ಎಂಟನೇ ಸುತ್ತಿನ ಎಡ ತಿರುವಿನಲ್ಲಿ ಮುಂದಿನ ಮೂವರೂ ಒಬ್ಬರನ್ನೊಬ್ಬರು ಕಾಯುತ್ತ ಬ್ರೇಕು ಹಿಡಿದರು. ಇವಳು ಹಿಡಿಯಲಿಲ್ಲ, ಒಳಗಿನಿಂದ ನುಗ್ಗಿ ಮೂವರನ್ನೂ ದಾಟಿದಳು. ಐದನೇ ಸ್ಥಾನ! ಹೆಲ್ಮೆಟ್ಟಿನೊಳಗೆ ಕೂಗಿದಳು. ಮುಂದಿನ ತಿರುವಿಗೆ ಕೆಂಪು ಬಾವುಟ. ಹಿಂದೆ ಯಾರೋ ಇಬ್ಬರು ಬಿದ್ದಿದ್ದರು, ರೇಸು ಅಲ್ಲಿಗೇ ನಿಂತಿತು.

ಫಲಿತಾಂಶದಲ್ಲಿ ಅವಳಿಗೆ ಎಂಟನೇ ಸ್ಥಾನ. ನಡುವೆ ನಿಂತರೆ ಎಲ್ಲರೂ ಪೂರ್ತಿ ಮುಗಿಸಿದ ಕೊನೆಯ ಸುತ್ತಿನ ಲೆಕ್ಕವೇ ಲೆಕ್ಕ ಎಂದು ಬಾಯು ವಿವರಿಸಿದ. ಅಂಕ ಸಿಗುವುದು ಮೊದಲ ಆರು ಮಂದಿಗೆ.

ಎರ್ರಿಸ್ವಾಮಿ ಮಾತ್ರ ಒಪ್ಪಲಿಲ್ಲ. ರುಮಾಲು ಸರಿಮಾಡಿಕೊಂಡು ನೇರ ಅಧಿಕಾರಿಯ ಮುಂದೆ ಹೋಗಿ ನಿಂತ. "ಓಡೋ ಹಿಂಡಿನಾಗ ಇನ್ನೂರು ತಲಿ ಎಣಿಸಾಂವ ನಾನು. ನನ್ನ ಮಗಳು ಮೂರು ಮಂದೀನ ದಾಟ್ಯಾಳ. ಕಣ್ಣಾರೆ ನೋಡೀನಿ." ಅಧಿಕಾರಿಗೆ ತಿಳಿಯಲಿಲ್ಲ ಅಂತ ಅದನ್ನೇ ತೆಲುಗಿನಲ್ಲೂ ಹೇಳಿದ. ಅದು ತಿಳಿಯಿತು, ಆದರೆ ಫಲಿತಾಂಶ ಬದಲಾಗಲಿಲ್ಲ.

"ಸಾಕು, ಬಾರಪ್ಪಾ," ಅಂತ ಹಾರಿಕಾ ಕೈ ಹಿಡಿದು ಎಳೆದುಕೊಂಡು ಬಂದಳು. ಆಮೇಲೆ ಕೈಗವಸು ಕಿತ್ತೆಸೆದು, ಅಡ್ಡ ಬಂದ ಬಾಯುವಿನ ಮೇಲೆ ಹರಿಹಾಯ್ದಳು. "ನಿಮಗೆ ಸಿಟ್ಟೇ ಬರಲ್ಲೇನು ಸರ್?"

"ಬರುತ್ತದೆ," ಅಂದ ಅವನು ತನ್ನ ಮುರುಕು ಇಂಗ್ಲಿಷಿನಲ್ಲಿ. "ಮನೆಯಲ್ಲಿ ಯಾರಾದರೂ ಟಿವಿಯಲ್ಲಿ ರೇಸು ಹಾಕಿದರೆ ಈಗಲೂ ಎದ್ದು ಹೊರಗೆ ಹೋಗುತ್ತೇನೆ."

"ಮತ್ತೆ ಇದನ್ನೇ ಯಾಕೆ ಹಿಡಿದುಕೊಂಡಿದ್ದೀರಿ?"

"ಬೇರೇನು ಮಾಡಲಿ? ನನಗೆ ಬರುವುದು ಇದೊಂದೇ."

ಸಮಾಧಾನ ಹೇಳಿದ್ದರೆ ಅವಳು ಇನ್ನಷ್ಟು ಕೂಗಾಡುತ್ತಿದ್ದಳು. ಅವನು ಹೇಳಲಿಲ್ಲ. ಇಬ್ಬರೂ ಟೈರುಗಳ ಮೇಲೆ ಕುಳಿತು, ಬೇರೆಯವರಿಗೆ ಬಹುಮಾನ ಕೊಡುವುದನ್ನು ನೋಡಿದರು.

ರೈಲು ಗುಂತಕಲ್ಲು ದಾಟಿದ ಮೇಲೆ ಎರ್ರಿಸ್ವಾಮಿ ಬಾಯಿಬಿಟ್ಟ. "ಬಿಟ್ಟುಬಿಡು ಅಂತ ನಿಮ್ಮವ್ವ ಹೇಳಿ ಕಳಿಸ್ಯಾಳ. ಅದಕ್ಕ ಹೇಳಾಕತ್ತೀನಿ."

"ನೀನು ಏನಂತಿ?"

"ನಾನೇನನ್ನಲಿ ನಮ್ಮವ್ವಾ? ನನಗ ಇನ್ನೂ ಹೊಟ್ಟಿ ಉರಿಯಾಕತ್ತೈತಿ. ಐದನೇದು ಅದು."

ಅವಳು ಬಿಡಲಿಲ್ಲ. ಮರುವರ್ಷ ಹುಡುಗರ ರೇಸಿಗೇ ನೇರವಾಗಿ ಅರ್ಜಿ ಹಾಕಿದಳು. ಎರಡು ಸಲ ತಿರುಗಿಸಿ ಕಳಿಸಿ ಮೂರನೇ ಸಲಕ್ಕೆ ತೆಗೆದುಕೊಂಡರು. ಆ ವರ್ಷದ ಎಂಟು ರೇಸುಗಳಲ್ಲಿ ಒಂದರಲ್ಲಿ ಆರನೆಯವಳಾಗಿ ಮುಗಿಸಿದಳು. ಅವಳಿಗೆ ಬಂದ ಅಂಕ ಅದೊಂದೇ. ಅದಕ್ಕೆ ಕೊಟ್ಟ ಪ್ರಮಾಣಪತ್ರದಲ್ಲಿ "ಶ್ರೀ ಹಾರಿಕ್" ಎಂದು ಅಚ್ಚಾಗಿತ್ತು. ಶಾಂತಕ್ಕ ಅದನ್ನು ಹಂಗೇ ಗೋಡೆಗೆ ಹಾಕೋಣ ಅಂದಳು. ಹಾರಿಕಾ ಕೇಳಲಿಲ್ಲ, ತಿದ್ದಿ ಕೊಡಿ ಅಂತ ಕಾಗದ ಬರೆದು ವಾಪಸ್ಸು ಕಳಿಸಿದಳು. ಏಳು ತಿಂಗಳಾಯಿತು, ಇನ್ನೂ ಬಂದಿಲ್ಲ.