ಹಿಂತೆಗೆಯದ ಮಾತು

ಬಸ್ಸಿನ ಕಿಟಕಿಯ ಸರಳು ಸುಡುತ್ತಿತ್ತು, ಮುಟ್ಟಿದ್ದೇ ತಡ ಕೈ ತಾನಾಗಿ ಹಿಂದಕ್ಕೆ ಬಂತು, ಹಾಗೇ ಬರಬೇಕು, ಕೈ ಎಂದರೆ ಯಜಮಾನಿಯನ್ನು ಕೇಳದೆಯೇ ಓಡಿಬರಬೇಕು — ಅಂಬುಬಾಯಿಯ ಕೈ ಬರುತ್ತದೆಯೇ, ದೀಪಾಲಿಗೆ ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೇ ಹುಮನಾಬಾದಿನ ಕೋಣೆಗೆ ಬೀಗ ಜಡಿದು ಸಿಕ್ಕ ಬಸ್ಸು ಹತ್ತಿದ್ದಾಳೆ, ಬಸ್ಸೋ ಕೈ ತೋರಿಸಿದವರ ಎದುರೆಲ್ಲ ನಿಲ್ಲುತ್ತಿದೆ, ಅಂಬುಬಾಯಿಯ ಊರು ಬಸವಕಲ್ಯಾಣ ಯಾವಾಗ ಬರುತ್ತದೋ. ಮಾಣಿಕನಗರದಲ್ಲಿ ಬಳೆಯಂಗಡಿಯ ಮೇಲೆ ಅವಳ ಕೋಣೆ, ಬಾಗಿಲಲ್ಲಿ ಸಮ್ಮೋಹನ ಚಿಕಿತ್ಸೆ ಎಂಬ ಫಲಕ, ಕೆಳಗೆ ಸಣ್ಣ ಅಕ್ಷರದಲ್ಲಿ ಇಲ್ಲಿ ಮಾಟ ಮಂತ್ರ ಇಲ್ಲ — ಆ ಸಾಲು ಬರೆಸಿದ ಮೇಲೆಯೇ ಮಾಟ ತೆಗೆಸಿಕೊಳ್ಳಲು ಬರುವವರು ಹೆಚ್ಚಾದದ್ದು, ಅದು ಬೇರೆ ಮಾತು. ಅಂಬುಬಾಯಿ ಮಾಟಕ್ಕೆ ಬಂದವಳಲ್ಲ, ಡಾಕ್ಟರ ಚೀಟಿ ಸೆರಗಿನಲ್ಲಿ ಕಟ್ಟಿಕೊಂಡು ಬಂದವಳು, ಮುರಿದ ಎಲುಬು ಕೂಡಿದೆ, ನೋವಿಗೆ ಕಾರಣ ಕಾಣುತ್ತಿಲ್ಲ ಎಂದು ಬರೆದಿದ್ದರು, ಕೂಡಿ ಎರಡು ವರ್ಷವಾದ ಮಣಿಕಟ್ಟು ಇನ್ನೂ ನೋಯುತ್ತದೆ, ರೊಟ್ಟಿ ಬಡೀಲಿಕ್ಕ ಆಗವಲ್ದು ಮೇಡಂ, ನಾ ಖಾನಾವಳಿಗೆ ರೊಟ್ಟಿ ಕೊಡಾಕಿ, ಈ ಕೈ ಹೋದ್ರ ನಾ ಯಾಕ ಇರ್ಬೇಕ್ರಿ. ಆ ಬಲಗೈಯನ್ನು ಮಡಿಲ ಮೇಲೆ ನೆಗಡಿಯಾದ ಕೂಸಿನಂತೆ ಇಟ್ಟುಕೊಂಡು ಕುಳಿತಿದ್ದಳು.

ಸೋಮವಾರ, ಮೂರನೆಯ ಭೇಟಿ, ಅಂಬುಬಾಯಿ ಕಣ್ಣು ಮುಚ್ಚಿ ಆಳಕ್ಕೆ ಇಳಿದಳು, ನಿಮ್ಮ ಬಲಗೈ ತಣ್ಣಗಾಗುತ್ತಿದೆ, ಬೆರಳಿನಿಂದ ಮಣಿಕಟ್ಟಿನವರೆಗೆ ಜೋಮು ಹಿಡಿಯುತ್ತಿದೆ, ಈಗ ಅಲ್ಲಿ ಏನೂ ತಿಳಿಯುವುದಿಲ್ಲ, ದೀಪಾಲಿ ಸೂಜಿಯ ಮೊನೆ ತಾಗಿಸಿದಳು, ಅಂಬುಬಾಯಿಯ ಹುಬ್ಬು ಕೂಡ ಕದಲಲಿಲ್ಲ. ಮುಂದಿನದು ಎಲ್ಲಕ್ಕಿಂತ ಮುಖ್ಯ, ಜೋಮಿನ ಮಾತನ್ನು ಹಿಂತೆಗೆಯಬೇಕು, ಕೈಗೆ ಮುಟ್ಟಿದ್ದು ತಿಳಿಯುವ ಚುರುಕು ಪೂರ್ತಿ ಮರಳಿ ಬಂದಿದೆ ಎನ್ನಬೇಕು, ಆಮೇಲೆಯೇ ಒಂದರಿಂದ ಐದು ಎಣಿಸಿ ಎಬ್ಬಿಸಬೇಕು — ಆಗಲೇ ಫೋನು ನಡುಗಿತು. ಒಳಗೆ ಫೋನು ತರಬಾರದೆಂದು ಸಮ್ಮೋಹನ ಕಲಿಸಿದ ಪುಣೆಯ ಗುರುಗಳು ಮೊದಲ ದಿನವೇ ಹೇಳಿದ್ದರು, ತಂದಿದ್ದಳು, ಎತ್ತಬಾರದು, ಎತ್ತಿದ್ದಳು, ಯಾಕೆಂದರೆ ಬಸವಕಲ್ಯಾಣದ ಮಹಿಳಾ ಮಂಡಳಿಯವರು ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ ಎಂದಿದ್ದರು, ದಿನ ಗೊತ್ತುಮಾಡಲು ಫೋನು ಮಾಡುತ್ತೇವೆ ಎಂದಿದ್ದರು, ಶಾಲಿನ ಆಸೆ ಯಾರಿಗಿಲ್ಲ, ಎರಡೇ ನಿಮಿಷ, ಬಾಗಿಲ ಹೊರಗೆ, ಪಿಸುಮಾತಿನಲ್ಲಿ, ಹಾಂ ಹಾಂ ಭಾನುವಾರ ಆದೀತ್ರಿ. ಮರಳಿ ಬಂದು ಐದರವರೆಗೆ ಎಣಿಸಿದ್ದು ನೆನಪಿದೆ, ಅಂಬುಬಾಯಿ ಕಣ್ಣು ತೆರೆದು ನೀರು ಕೇಳಿದ್ದು ನೆನಪಿದೆ, ಚಪ್ಪಲಿ ಹುಡುಕಿದ್ದು ನೆನಪಿದೆ. ಎಣಿಸುವುದಕ್ಕೆ ಮೊದಲು ಆ ಒಂದು ಮಾತು?

ಹೇಳಿದ್ದೇನೆ, ಕಿವಿಯಲ್ಲೇ ಇದೆಯಲ್ಲ ನನ್ನ ದನಿ, ಕೈಗೆ ಚುರುಕು ಪೂರ್ತಿ ಮರಳಿ ಬಂದಿದೆ — ಆದರೆ ಆ ದನಿಯ ಹಿಂದೆ ಫ್ಯಾನು ಕಿರುಗುಡುತ್ತಿದೆ, ಸೋಮವಾರ ಕರೆಂಟೇ ಇರಲಿಲ್ಲ, ಬೀಸಣಿಗೆ ಬೀಸಿಕೊಂಡಿದ್ದೆ, ಹಾಗಾದರೆ ಅದು ಹಿಂದಿನ ವಾರ ಹಲ್ಲು ಕೀಳಿಸಲು ಹೆದರುತ್ತಿದ್ದ ಮಲ್ಲಿಕಾರ್ಜುನನಿಗೆ ಹೇಳಿದ್ದು, ಇಲ್ಲ, ಅವನದು ದವಡೆ, ಕೈಯಲ್ಲ, ಅಲ್ಲ, ಮೊದಲು ಕೈಯಲ್ಲೇ ಅಭ್ಯಾಸ ಮಾಡಿಸಿದ್ದೆ — ಒತ್ತಿ ಕೇಳಿದರೆ ನೆನಪು ಸುಳ್ಳು ಹೆರುತ್ತದೆ ಎಂದು ಬಂದವರಿಗೆಲ್ಲ ಹೇಳುವವಳು ತಾನೇ, ಈಗ ತನ್ನ ನೆನಪನ್ನು ಹಿಂಡುತ್ತಿದ್ದಾಳೆ. ಇವತ್ತು ಬೆಳಿಗ್ಗೆ, ಎರಡು ದಿನ ತಡವಾಗಿ, ಸೋಮವಾರದ ಭೇಟಿಯ ಕಾಗದ ತುಂಬಲು ಕುಳಿತಾಗ ಒಂದು ಅಂಕಣದ ಮುಂದೆ ಪೆನ್ನು ನಿಂತಿತ್ತು, ಮಾತು ಹಿಂತೆಗೆದಿದೆಯೇ, ಹೌದೆಂದು ಗೀಟು ಎಳೆದರೆ ಮುಗಿಯಿತು, ಯಾರು ಬಂದು ನೋಡುತ್ತಾರೆ, ಪೆನ್ನಿನ ತುದಿ ಕಾಗದಕ್ಕೆ ತಾಗಿಯೂ ಇತ್ತು, ಆಗ ಕಣ್ಣ ಮುಂದೆ ಬಂದದ್ದು ರೊಟ್ಟಿಯ ಹಂಚು, ಕಾದ ಕಬ್ಬಿಣದ ಹಂಚು, ಅದರ ಮೇಲೆ ಒಂದು ಅಂಗೈ. ಅಂಬುಬಾಯಿಗೆ ಫೋನು ಮಾಡಿದಳು, ಸ್ವಿಚ್ ಆಫ್, ಮತ್ತೆ ಮಾಡಿದಳು, ಸ್ವಿಚ್ ಆಫ್. ಇಂಥ ಜೋಮು ಬಹಳ ಮಂದಿಗೆ ಕೆಲವೇ ತಾಸಿನಲ್ಲಿ ತಾನಾಗಿ ಇಳಿಯುತ್ತದೆ ಎನ್ನುತ್ತಿದ್ದರು ಗುರುಗಳು, ಬಹಳ ಮಂದಿಗೆ, ಎಲ್ಲರಿಗೂ ಎಂದಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ, ಇಲ್ಲಿ ಮಾಡಿದವಳೊಬ್ಬಳು, ಉಣ್ಣುವವಳು ಇನ್ನೊಬ್ಬಳು. ಬಾಯಾರ, ತಬಿಯತ್ ಖರಾಬ್ ಅದ ಏನ್ರಿ, ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ನಿಂಬೆಹಣ್ಣು ಚಾಚಿದಳು, ಮೂಸಿ ನೋಡ್ರಿ, ದೀಪಾಲಿ ಮೂಸಿದಳು, ಮತ್ತೆ ಅಂಬುಬಾಯಿಯ ನಂಬರು ಒತ್ತಿದಳು, ಸ್ವಿಚ್ ಆಫ್. ಬಸವಕಲ್ಯಾಣಕ್ಕೆ ಹೋಗುವ ಸಸ್ತಾಪುರದ ತಿರುವು ಬಂತು.

ಕಾಗದದಲ್ಲಿ ಬರೆಸಿದ್ದ ವಿಳಾಸ ಕೋಟೆಯ ಕಡೆಯ ಗಲ್ಲಿ, ರೊಟ್ಟಿ ಬಡಿಯುವ ಸದ್ದೇ ದಾರಿ ತೋರಿಸಿತು, ಪಟಪಟ ಪಟಪಟ, ಎಷ್ಟು ಜೋರು, ನೋಯುವ ಕೈಯಿಂದ ಇಷ್ಟು ಜೋರು ಕೇಳಬಾರದಿತ್ತು, ಬಾಗಿಲಲ್ಲಿ ಸೊಸೆ ಜಗದೇವಿ, ಯಾರ್ ಬೇಕಾಗಿತ್ರಿ? ಬಾಯಿಗೆ ಬಂದ ಅಂಬುಬಾಯಿಯ ಹೆಸರನ್ನು ದೀಪಾಲಿ ನುಂಗಿದಳು, ಮಾಣಿಕನಗರದ ಪ್ರಭುಗಳ ದರ್ಶನಕ್ಕ ಹೊಂಟೀನಿ ಅಂತ ಮನ್ಯಾಗ ಹೇಳಿ ಬಂದೀನ್ರಿ ಎಂದಿದ್ದಳಲ್ಲ ಅಂಬುಬಾಯಿ, ತಾನು ಯಾರೆಂದು ಹೇಳಿದರೆ ಆ ಗುಟ್ಟೂ ರಟ್ಟಾಗುತ್ತದೆ, ಅದೊಂದಾದರೂ ಉಳಿಯಲಿ, ರೊಟ್ಟಿ ಬೇಕಾಗಿದ್ವು, ಎಂದಳು ದೀಪಾಲಿ. ಸೊಸೆ ಕಟ್ಟಿಕೊಡುವ ಬಟ್ಟೆ ತರಲು ಹಿಂದಿನ ಕೋಣೆಗೆ ಹೋದಳು, ದೀಪಾಲಿ ಹೊಸ್ತಿಲು ದಾಟಿದಳು.

ಅಂಬುಬಾಯಿ ಒಲೆಯ ಮುಂದೆ ಕುಳಿತಿದ್ದಾಳೆ, ಮುಖ ಅರಳಿದೆ, ಅಯ್ಯ ಮೇಡಂ, ನೀವ್ಯಾಕ ಬಂದ್ರಿ, ದೇವರು ಬಂದಂಗ ಬಂದ್ರಿ ನೋಡ್ರಿ, ಎರಡ ವರ್ಷ ಆದ ಮ್ಯಾಲ ಕೈ ಹಗುರ ಆಗ್ಯಾದ, ನಿನ್ನಿ ಇನ್ನೂರ ರೊಟ್ಟಿ ಬಡದೀನಿ. ಕೈ ತೋರಸ್ರಿ, ಎಂದಳು ದೀಪಾಲಿ. ಹಿಟ್ಟು ಮೆತ್ತಿದ ಅಂಗೈ, ಹಿಟ್ಟಿನ ಕೆಳಗೆ ಗುಳ್ಳೆ, ಒಡೆದ ಗುಳ್ಳೆ, ಅದರ ಮೇಲೆ ಹೊಸ ಗುಳ್ಳೆ, ಅದೇನ್ ಬಿಡ್ರಿ, ನಂಗ ಖಬರೇ ಇಲ್ಲ. ದೀಪಾಲಿಗೆ ಅಳು ಬಂತು, ನಾಚಿಕೆಯೂ ಬಂತು, ತಪ್ಪು ನಂದ್ರಿ ಅಂಬುಬಾಯಿ, ಒಂದು ಮಾತು ಹಿಂದಕ್ಕೆ ತಗೊಳ್ಳೋದು ಮರೆತೆ, ಈಗ ಕಣ್ಣು ಮುಚ್ಚಿ, ಚುರುಕು ವಾಪಸ್ ತರ್ತೀನಿ. ನೋವೂ ಬರ್ತದೇನ್ರಿ? ಬರಬಹುದು. ಹಂಗಾದ್ರ ಬ್ಯಾಡ್ರಿ. ಸುಟ್ಟದ್ದು ಕೀವು ಹಿಡಿತದ, ಕೈನೇ ಹೋದೀತು. ಹೋದಾಗ ನೋಡೂಣ್ರಿ, ಈಗ ದುಡ್ಯಾಕತ್ತದಲ್ಲ, ನಿಮ್ಮ ಕಾಲಿಗ ಬೀಳ್ತೀನಿ, ಮುಟ್ಟಬ್ಯಾಡ್ರಿ. ಮುಟ್ಟಬಾರದು, ಅವಳು ಒಪ್ಪದೆ ಒಂದು ಮಾತನ್ನೂ ಒಳಗೆ ಬಿಡಬಾರದು, ಬೇಡ ಎಂದರೆ ನಿಲ್ಲಿಸುತ್ತೇನೆ ಎಂದು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡವಳು ತಾನೇ, ಆದರೆ ಈ ಬೇಡ ಯಾರದು, ಅಂಬುಬಾಯಿಯದೋ, ನಾನು ಕೊಟ್ಟ ಜೋಮಿನದೋ, ಬಿಟ್ಟು ಹೋದರೆ ತಪ್ಪು, ಬಿಡದಿದ್ದರೂ ತಪ್ಪು, ಮಣಿಕಟ್ಟು ಹಿಡಿದು ಎಳೆದಳು, ಅಂಬುಬಾಯಿ ನಗುತ್ತ ಬಿಡಿಸಿಕೊಂಡಳು, ಕೂಡ್ರಿ ಮೇಡಂ, ಬಿಸಿ ರೊಟ್ಟಿ ತಿಂದು ಹೋಗ್ರಿ, ನೋಡುತ್ತಿರುವುದು ದೀಪಾಲಿಯ ಮುಖವನ್ನು, ಹಂಚನ್ನಲ್ಲ, ರೊಟ್ಟಿಯ ಅಂಚು ಒತ್ತುತ್ತಿದ್ದ ಅಂಗೈ ಜಾರಿ ಕಬ್ಬಿಣಕ್ಕೆ ತಾಗಿದೆ, ಚುಂಯ್ ಎಂದಿತು, ಶೇಂಗಾ ಹಿಂಡಿ ಹಚ್ಚಿ ಕೊಡ್ಲೇನ್ರಿ ಎಂದು ಕೇಳುತ್ತಿದ್ದಾಳೆ, ಕೈ ಹಂಚಿನ ಮೇಲಿದೆ, ನಗುತ್ತಿದ್ದಾಳೆ, ಕೈ ಹಂಚಿನ ಮೇಲೆಯೇ ಇದೆ