ನೀಲಿ ಮೆತ್ತಿದ ವರ

ಎಕ್ಸ್‌ರೇ ಫಿಲ್ಮಿನಲ್ಲಿ ಮುಖದ ಫೋಟೋ ತೆಗೆದರೆ ಎಲುಬು ಕಾಣುವುದಿಲ್ಲ. ನವಿ ಪೇಠೆಯ ನಮ್ಮ ಸ್ಟುಡಿಯೋದ ಗಿರಾಕಿಗಳಿಗೆ ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಐವತ್ತಾರನೇ ಇಸವಿಯಲ್ಲಿ ಫೋಟೋ ಫಿಲ್ಮಿಗೆ ಬರ ಬಂದಾಗ ನಮ್ಮ ಯಜಮಾನರು ಪರಿಚಯದ ಡಾಕ್ಟರರಿಂದ ಎಕ್ಸ್‌ರೇ ಫಿಲ್ಮಿನ ಡಬ್ಬಿ ತಂದು, ಅಳತೆಗೆ ಕತ್ತರಿಸಿ, ಸ್ಟುಡಿಯೋದ ದೊಡ್ಡ ಮರದ ಕ್ಯಾಮೆರಾಕ್ಕೆ ಹಾಕತೊಡಗಿದ್ದರು. ತಮ್ಮಂಥ ಬುದ್ಧಿವಂತ ಸೊಲ್ಲಾಪುರದಲ್ಲೇ ಇಲ್ಲ ಎಂಬ ಗತ್ತು ಅವರಿಗೆ. ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಹಚ್ಚಿಕೊಂಡು ಅದನ್ನೆಲ್ಲ ತೊಳೆಯುವವಳು ಮಾತ್ರ ನಾನು.

ಒಂದು ಬೆಳಿಗ್ಗೆ ಕರಜಗಿಯ ಕುರಿಗಾರ ಖಂಡಪ್ಪ ತಾಯಿ ಸೋಮವ್ವನ ಜೊತೆ ಬಸ್ಸಿಳಿದು ಬಂದ. ಅಕ್ಕಲಕೋಟದ ಚಂದ್ರಭಾಗಾ ಎಂಬ ಹುಡುಗಿಯನ್ನು ಅವನಿಗೆ ಕೇಳಿದ್ದರು. ಹಿಂದೊಬ್ಬ ವರನ ಮೆಳ್ಳೆಗಣ್ಣು ಮುಚ್ಚಿಟ್ಟು ಅವಳಿಗೆ ಮೋಸ ಮಾಡಲು ಹೋಗಿದ್ದರಂತೆ. ಈ ಸಲ ಫೋಟೋ ನೋಡದೆ ಹೂಂ ಅನ್ನುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು. ಮಧ್ಯಾಹ್ನ ಅವಳ ಅಪ್ಪನೇ ಬಂದು ಫೋಟೋ ಒಯ್ಯುವವನಿದ್ದ. ಖಂಡಪ್ಪನಿಗೆ ಮಾತ್ರ ಆಗಲೇ ಮನಸ್ಸು ಅಕ್ಕಲಕೋಟ ಸೇರಿತ್ತು.

ಶುಭಕಾರ್ಯವೆಂದು ಸೋಮವ್ವ ದೇವರು ಬೀರೋಬನ ಭಂಡಾರವನ್ನು, ಅಂದರೆ ಅರಿಶಿನದ ಪುಡಿಯನ್ನು, ಮಗನ ಹಣೆಗೆ, ಕೆನ್ನೆಗೆ ಮುಷ್ಟಿಗಟ್ಟಲೆ ಬಳಿದಳು. ಆದರೆ ಈ ಫಿಲ್ಮಿಗೆ ಅರಿಶಿನ ಬಣ್ಣ ಕಾಣುವುದಿಲ್ಲ. ಅಚ್ಚು ಹಾಕಿ ನೋಡಿದರೆ ಭಂಡಾರವಿದ್ದಲ್ಲೆಲ್ಲ ಕಪ್ಪು, ಹುಡುಗ ಒಲೆಯೊಳಗೆ ಮುಖವಿಟ್ಟು ತೆಗೆದಂತಿದ್ದ!

ಮುಖ ತೊಳೆದು ಬಾ ಎಂದರೆ ಸೋಮವ್ವ ಕೇಳಲಿಲ್ಲ. ಕೆಲಸ ಕೈಗೂಡುವ ತನಕ ಭಂಡಾರಕ್ಕೆ ನೀರು ಸೋಕಿಸಬಾರದಂತೆ. ನಮ್ಮವರು ತಲೆ ಕೆರೆದುಕೊಂಡರು. ಬುದ್ಧಿವಂತಿಕೆ ಅಷ್ಟಕ್ಕೇ ಮುಗಿಯಿತು. ನನಗೆ ಸಿಟ್ಟು ಬಂತು. ಈ ಫಿಲ್ಮಿನಲ್ಲಿ ನೀಲಿ ಬೆಳ್ಳಗೆ ಬೀಳುತ್ತದೆಂದು ನೋಡಿ ಬಲ್ಲೆ. ಬಿಳಿ ಬಟ್ಟೆಗೆ ಹಾಕುವ ನೀಲಿ ಪುಡಿ ತಂದು ಭಂಡಾರದ ಮೇಲೆಯೇ ಮೆತ್ತಿದೆ. ದೇವರು ಕೆಳಗೆ, ಫೋಟೋ ಮೇಲೆ, ಇಬ್ಬರಿಗೂ ತಕರಾರಿಲ್ಲ.

ನಮ್ಮವರು ಕ್ಯಾಮೆರಾ ಹೊಂದಿಸಿ ಫಿಲ್ಮ್ ತರಲು ಒಳಗೆ ಹೋದರು. ಅಷ್ಟರಲ್ಲಿ ಹುಡುಗಿಯ ಅಪ್ಪ ಬಂದ. ಹಿಂದೆ ಚಂದ್ರಭಾಗಾಳೂ ಇದ್ದಳು. ಖಂಡಪ್ಪ ಕುರ್ಚಿಯಿಂದ ಹಾರಿ ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ತೂರಿಸಿದ. ಚಂದ್ರಭಾಗಾ ಬಂದು ಆ ಖಾಲಿ ಕುರ್ಚಿಯ ಪಕ್ಕದಲ್ಲೇ ನಿಂತಳು. ಬಟ್ಟೆಯೊಳಗಿನ ಗಾಜಿನಲ್ಲಿ ಎದುರಿನದೆಲ್ಲ ತಲೆಕೆಳಗಾಗಿ ಕಾಣುತ್ತದೆಂದು ಪಾಪ, ಅವನಿಗೇನು ಗೊತ್ತು?

"ಅಕ್ಕಾರ, ಹುಡುಗಿ ತಲಿಕೆಳಗ ನಿಂತಾಳ್ರಿ," ಎಂದ ಒಳಗಿನಿಂದ. "ಆದರೂ ಭಾಳ ಚಲೋ ಕಾಣಾಕತ್ತಾಳ."

ಚಂದ್ರಭಾಗಾ ನೇರವಾಗಿ ಹೋಗಿ ಬಟ್ಟೆ ಎತ್ತಿದಳು. ನೀಲಿ ಮುಖ, ಸಂದಿಯಲ್ಲೆಲ್ಲ ಹಳದಿ. ಮುಚ್ಚಿಟ್ಟರೆಂದು ಒಂದು ಸಂಬಂಧ ಬಿಟ್ಟವಳ ಮುಂದೆ ನಾನೇ ಹುಡುಗನನ್ನು ಮುಚ್ಚಿಟ್ಟಿದ್ದೆ.

ಖಂಡಪ್ಪ ತಲೆ ತಗ್ಗಿಸಿದ. "ನೀಲಿ ಫೋಟೋಕ್ಕ, ಹಳದಿ ದೇವರಿಗಿ," ಎಂದ. "ನಂದು ಅಂಬೂದು ಅದರ ಕೆಳಗ ಐತಿ."

ಅವಳು ಸೆರಗಿನೊಳಗೆ ನಕ್ಕಳು.

"ಮುಖಾ ತೊಳ್ಕೊಂಡ ಬರ್ರಿ. ನಾ ಇಲ್ಲೇ ಇರತೀನಿ."

ಭಂಡಾರಕ್ಕೆ ನೀರು ಸೋಕಿಸಬಾರದು ಎಂದಿದ್ದ ಸೋಮವ್ವ ತಾನೇ ಚೊಂಬು ಎತ್ತಿಕೊಂಡು ಮಗನನ್ನು ಹಿತ್ತಲಿಗೆ ಎಳೆದೊಯ್ದಳು. ನಮ್ಮವರು ಫಿಲ್ಮ್ ಹಿಡಿದು ಗತ್ತಿನಿಂದ ಹೊರಬಂದರು. ಅದು ಆಗ ಯಾರಿಗೂ ಬೇಕಾಗಿರಲಿಲ್ಲ.